ಅಗಿಯಬಾರದ ತುತ್ತು

ಮುದ್ದೆಯನ್ನು ಅಗಿದು ತಿನ್ನುವವರನ್ನು ನಮ್ಮ ಮಂಡ್ಯದ ಕಡೆ ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಮುರಿಯಬೇಕು, ಸಾರಿಗೆ ಅದ್ದಬೇಕು, ನುಂಗಬೇಕು. ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ಅಂಥ ಸೀಮೆಯ ಕೊತ್ತತ್ತಿಯಲ್ಲಿ ಹುಟ್ಟಿ, ನಲವತ್ತು ವರ್ಷಕ್ಕೂ ಮೇಲೆ ಮುದ್ದೆ ಅಗಿದವಳು, ತಪ್ಪಿದರೆ ಅನ್ನ ಉಂಡವಳು ನಾನು.

ಶೋಕಿಗೆ ಅಗಿದದ್ದಲ್ಲ. ಎಂಟು ವರ್ಷದವಳಿದ್ದಾಗ ಮನೆಯಲ್ಲಿ ಬಾಡಿನ ಸಾರು. ಆಟದಿಂದ ಬಂದವಳಿಗೆ ಅವ್ವ ತಾನೇ ಮುದ್ದೆಯ ತುತ್ತು ಮಾಡಿ ಬಾಯಿಗಿಟ್ಟಳು. ಅದರೊಳಗೆ ಒಂದು ಮೂಳೆಚೂರು ಅಡಗಿತ್ತು. ಗಂಟಲಿಗೆ ಸಿಕ್ಕಿಕೊಂಡಿತು, ಉಸಿರು ನಿಂತಿತು. ಅವ್ವ ಬೆನ್ನಿಗೆ ಗುದ್ದಿದ ಗುದ್ದಿಗೆ ಮೂಳೆಯೇನೋ ಆಚೆ ಬಂತು. ಭಯ ಮಾತ್ರ ಒಳಗೇ ಉಳಿಯಿತು, ನನ್ನಲ್ಲೂ, ಅವಳಲ್ಲೂ.

ಅಂದಿನಿಂದ ನಾನು ಊಟಕ್ಕೆ ಕೂತರೆ ಅವ್ವ ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅನ್ನ ತಿಂದರೂ ಅಷ್ಟೇ, ದೋಸೆ ತಿಂದರೂ ಅಷ್ಟೇ. ಕಣ್ಣು ನನ್ನ ಗಂಟಲ ಮೇಲೆ. "ಕೂತ್ಕಳವ್ವ, ಜೊತೇಲಿ ಉಣ್ಣಾನ" ಅಂದರೆ, "ನೀನುಣ್ಣು, ಆಮ್ಯಾಕೆ ನಾನುಣ್ತೀನಿ" ಅನ್ನುತ್ತಿದ್ದಳು. ಮಳವಳ್ಳಿಗೆ ಮದುವೆಯಾಗಿ ಹೋಗಿ, ಅಲ್ಲೇ ಶಾಲೆಯ ಟೀಚರಾಗಿ, ತಲೆ ನರೆತು ತವರಿಗೆ ಬಂದರೂ ಅದೇ ಚೊಂಬು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಸಂಕಟ. ಆ ತುತ್ತು ತನ್ನ ಕೈಯದು ಅನ್ನುವುದನ್ನು ಅವಳು ಒಂದು ದಿನವೂ ಮರೆಯಲಿಲ್ಲ.

ಮನೆಯ ಊಟದಲ್ಲಿ ಸೋತವಳು ಲೋಕದ ಊಟಕ್ಕೆ ಕೈ ಹಾಕಿದೆ. ನಮ್ಮ ಸ್ಕೂಟರ್ ರಿಪೇರಿ ಮಾಡುವ ಸಾಬರ ಮನೆಯ ರಂಜಾನ್ ಹಲೀಮಿನಿಂದ ಶುರು. ಬೈಲಕುಪ್ಪೆಗೆ ಹೋಗಿ ಟಿಬೆಟಿನವರ ಮೊಮೊ, ನೂಡಲ್ಸಿನ ತುಕ್ಪ ತಿಂದೆ. ಮದ್ದೂರಿನ ಹತ್ತಿರ ಹೆದ್ದಾರಿಯಲ್ಲಿ ಅರಬ್ಬಿ ಊಟದ ಹೋಟೆಲು ತೆರೆದಾಗ ದೊಡ್ಡ ತಟ್ಟೆಯ ಸುತ್ತ ನೆಲದ ಮೇಲೆ ಕೂತು ಉಂಡೆ. ಯಾವ ಊರಿನ ಊಟವೂ ನನ್ನನ್ನು ನುಂಗು ಅನ್ನಲಿಲ್ಲ, ಅದೇ ನನಗೆ ಹಿತ. "ಮನೇಲಿ ಇಟ್ಟಿನ್ ಮುದ್ದೆ ಬ್ಯಾಡ, ಬೀದೀಲಿ ನೂಡಲ್ಸು ಬೇಕು ಇವ್ಳಿಗೆ. ಇವ್ಳು ಮಂಡ್ಯದೋಳೇ ಅಲ್ಲ ಕಣವ್ವ" ಎಂದು ಅಣ್ಣ ಆಡಿಕೊಳ್ಳುತ್ತಿದ್ದ.

ಹೋದ ವರ್ಷ ರಜೆಯಲ್ಲಿ ಗಂಡನ ಜೊತೆ ದುಬೈ ನೋಡಲು ಹೋಗಿದ್ದೆ. ಎತ್ತರದ ಕಟ್ಟಡ ನೋಡಿ ಕತ್ತು ನೋವು ಬಂದ ಮೇಲೆ, ಹಳೇ ಬೀದಿಯೊಂದರ ಪುಟ್ಟ ಹೋಟೆಲಿಗೆ ಅವರನ್ನು ಎಳೆದುಕೊಂಡು ಹೋದೆ. ನೈಜೀರಿಯಾದ ಹೆಂಗಸೊಬ್ಬಳು ನಡೆಸುತ್ತಿದ್ದಳು. ಮೆನುವಿನಲ್ಲಿ ಒಂದು ಸಾಲಿನ ತಲೆಬರಹ ನೋಡಿ ಕನ್ನಡಕ ಒರೆಸಿಕೊಂಡೆ. 'ಸ್ವಾಲೋ' ಅಂತ ಬರೆದಿತ್ತು. ಏನಿದು ಎಂದು ಕೇಳಿದರೆ, "ಅದೇ, ನುಂಗೋದು" ಎಂದು ಇಂಗ್ಲಿಷಿನಲ್ಲಿ ಹೇಳಿ ಗಂಟಲು ತೋರಿಸಿದಳು. ಅವರ ಕಡೆ ಆ ಬಗೆಯ ಊಟಕ್ಕೆಲ್ಲ ಹೆಸರೇ ಅದಂತೆ! ಯಾವ ಮಾತಿನಿಂದ ತಪ್ಪಿಸಿಕೊಂಡು ಕೊತ್ತತ್ತಿಯಿಂದ ಓಡಿದ್ದೆನೋ ಆ ಮಾತೇ ಸಮುದ್ರ ದಾಟಿ ನನಗಿಂತ ಮೊದಲೇ ಬಂದು ಕೂತಿತ್ತು.

ಬಂತು ನೋಡಿ, ಬಿಳೀ ಮುದ್ದೆ. ಮರಗೆಣಸಿನದು, ಫುಫು ಅನ್ನುತ್ತಾರೆ. ಜೊತೆಗೆ ಲೋಳೆಲೋಳೆ ಬೆಂಡೆಕಾಯಿ ಸಾರು, ಕೈ ತೊಳೆಯಲು ಬಟ್ಟಲು ನೀರು. ನನ್ನ ಗಂಡ ಮಳವಳ್ಳಿಯ ಗಟ್ಟಿ ಮುದ್ದೆಯ ಆಸಾಮಿ. ಯಾರನ್ನೂ ಏನೂ ಕೇಳದೆ ಮುರಿದು, ಅದ್ದಿ, ಗುಳುಕ್ ಅನ್ನಿಸಿದರು. ಆಕೆ ಖುಷಿಯಲ್ಲಿ ಚಪ್ಪಾಳೆ ತಟ್ಟಿದಳು. ನಾನು ಅಗಿಯುತ್ತಿದ್ದೆ. ಆಕೆ ನಕ್ಕಳು. ಅಣ್ಣನ ನಗುವಲ್ಲ ಅದು. ನನ್ನ ಮುಂದೆ ಕೂತು, ಗೋಲಿಗಾತ್ರದ ಚೂರು ಮುರಿದು, ಹೆಬ್ಬೆರಳಿನಿಂದ ಕುಳಿ ಮಾಡಿ, ಸಾರಿನಲ್ಲಿ ಹೊರಳಿಸಿ ತೋರಿಸಿದಳು. "ಚಿಕ್ಕದು ತಗೋ, ಹೆದರಬೇಡ, ಬಾಯಲ್ಲಿ ಹಿಡಿದುಕೊಳ್ಳಬೇಡ" ಅಂದಳು.

ಇಷ್ಟು ವರ್ಷ ಯಾರೂ ನನಗೆ ಚಿಕ್ಕದು ತಗೋ ಅಂದಿರಲಿಲ್ಲ. ನಮ್ಮಲ್ಲಿ ಮುದ್ದೆ ನುಂಗುವುದನ್ನು ಕಲಿಸುವುದಿಲ್ಲ, ಉಸಿರಾಡುವುದನ್ನು ಯಾರಾದರೂ ಕಲಿಸುತ್ತಾರೆಯೇ? ಕಣ್ಣು ಮುಚ್ಚಿ ತುತ್ತನ್ನು ಗಂಟಲಿಗೆ ಬಿಟ್ಟೆ. ಜಾರಿ ಇಳಿದುಹೋಯಿತು. ಏನೂ ಆಗಲಿಲ್ಲ. ಇನ್ನೊಂದು, ಮತ್ತೊಂದು. ಗಂಡ ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನನಗೆ ಕಣ್ಣೀರು ಬಂತು, ಖಾರಕ್ಕೆ ಎಂದು ಹೇಳಿದೆ.

ದುಬೈನಿಂದ ಮರಳಿದ ಮೊದಲ ಭಾನುವಾರವೇ ಕೊತ್ತತ್ತಿಗೆ ಹೋದೆ. ಅತ್ತಿಗೆ ಮುದ್ದೆ, ಉಪ್ಸಾರು ಮಾಡಿದ್ದಳು. ಅಣ್ಣನಿಗೆ ಬಡಿಸಿ, ನನಗೆ ಎಂದಿನಂತೆ ಅನ್ನ ತಂದಳು. "ನಂಗೂ ಮುದ್ದೆ" ಅಂದೆ. ಅವ್ವ ಅಡುಗೆಮನೆಯಿಂದ ಚೊಂಬು ಹಿಡಿದು ಓಡಿಬಂದಳು. ಎಪ್ಪತ್ತೆಂಟರ ಮಂಡಿಗಳಿಗೆ ಎಲ್ಲಿತ್ತೋ ಆ ಓಟ!

"ಬ್ಯಾಡ ಕಣೆ, ಬುಡು. ಅನ್ನ ಉಣ್ಣು."

ಗೋಲಿಗಾತ್ರದ ಚೂರು ಮುರಿದೆ. ಕುಳಿ ಮಾಡಿದೆ, ಅದ್ದಿದೆ, ನುಂಗಿದೆ. ಅವ್ವ ನನ್ನ ದವಡೆ ನೋಡಿದಳು. ಅದು ಅಲ್ಲಾಡಲಿಲ್ಲ.

"ಇನ್ನೊಂದು ನುಂಗು" ಅಂದಳು. ನುಂಗಿದೆ. "ಬಾಯ್ ಬುಡು." ಬಿಟ್ಟೆ. ಒಳಗೆ ಇಣುಕಿ ನೋಡಿದಳು.

"ಯಾರ್ಲಾ ಕಲ್ಸಿದ್ದು ಇವ್ಳಿಗೆ?" ಎಂದು ಅಣ್ಣನನ್ನು ಗದರಿದಳು, ಅವನೇ ತಪ್ಪು ಮಾಡಿದವನ ಹಾಗೆ. ಅಡಗೂಲಜ್ಜಿ ಕತೆಯಲ್ಲಿ ಬರುವಷ್ಟು ದೂರದ ಊರಿನ ಹೆಂಗಸೊಬ್ಬಳು ಅಂದೆ. "ಆ ತಾಯಿ ವೊಟ್ಟೆ ತಣ್ಣಗಿರ್ಲಿ" ಅಂದಳು.

ನಾಲ್ಕನೇ ತುತ್ತಿಗೆ ಅವ್ವನಿಂದ ಉದ್ದನೆಯ ಉಸಿರೊಂದು ಹೊರಟಿತು. ಗೋಡೆ ಹಿಡಿದು ಮೆಲ್ಲಗೆ ನನ್ನ ಪಕ್ಕ ಕೂತಳು. "ನಂಗೂ ಒಂದು ತಟ್ಟೆ ಆಕವ್ವ" ಎಂದು ಸೊಸೆಗೆ ಹೇಳಿದಳು. ಅಣ್ಣ ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದ.

ಇಬ್ಬರೂ ಉಂಡೆವು. ಊಟದ ನಡುವೆ ಅವ್ವ ಆ ಚೊಂಬನ್ನು ಎತ್ತಿ, ನೀರು ತಾನೇ ಕುಡಿದಳು.