ಕೆಳಸಾಲಿನ ಮರಿಗಳ ಕಣ್ಣು

ಪಿಎಚ್‌.ಡಿ.ಯ ಎರಡನೇ ವರ್ಷ ನಾನು ಕೋಳಿಮರಿಗಳಿಗೆ ಕನ್ನಡಕ ಹಾಕುತ್ತಿದ್ದೆ. ಮರಿಯ ಒಂದು ಕಣ್ಣಿನ ಸುತ್ತ ಪುಟ್ಟ ವೆಲ್ಕ್ರೊ ಉಂಗುರ ಅಂಟಿಸಿ, ಅದರ ಮೇಲೆ ಮೈನಸ್ ಪವರಿನ ಲೆನ್ಸ್ ಕೂರಿಸುವುದು. ಬೆಳೆಯುವ ಕಣ್ಣು ಆ ಲೆನ್ಸಿಗೆ ಹೊಂದಿಕೊಳ್ಳಲು ಹೋಗಿ ಉದ್ದವಾಗುತ್ತದೆ; ಕೆಲವೇ ದಿನಗಳಲ್ಲಿ ಮರಿಗೆ ಸಮೀಪದೃಷ್ಟಿ ಬರುತ್ತದೆ. ಮಕ್ಕಳ ಕಣ್ಣು ಯಾಕೆ ಹಾಗಾಗುತ್ತದೆಂದು ತಿಳಿಯಲು ಅದೊಂದು ದಾರಿ.

ಸವಳಂಗ ರಸ್ತೆಯ ನಮ್ಮ ಲ್ಯಾಬಿನಲ್ಲಿ ಪಂಜರಗಳು ಎರಡು ಸಾಲಿನಲ್ಲಿದ್ದವು, ಒಂದರ ಮೇಲೊಂದು. ಆ ಸಲ ಅಳತೆ ಮಾಡಿದಾಗ ಮೇಲುಸಾಲಿನ ಕಣ್ಣುಗಳು ನಿರೀಕ್ಷೆಯಂತೆ ಉದ್ದವಾಗಿದ್ದವು. ಕೆಳಸಾಲಿನವು ಹೆಚ್ಚುಕಡಿಮೆ ಮೊದಲಿನ ಹಾಗೇ ಇದ್ದವು. ಅದೇ ತಳಿಯ ಮರಿ, ಅದೇ ಲೆನ್ಸ್, ಅದೇ ಆಹಾರ. ಮೊದಲು ಸ್ಕ್ಯಾನ್ ಮಾಡುವ ಯಂತ್ರವನ್ನು ಅನುಮಾನಿಸಿದೆ. ಇನ್ನೊಂದು ಯಂತ್ರವೂ ಅದನ್ನೇ ಹೇಳಿತು. ಆಮೇಲೆ ಮನುಷ್ಯರನ್ನು ಅನುಮಾನಿಸಲು ಶುರುಮಾಡಿದೆ.

ಆ ಕೋಣೆಯ ಕೀಲಿ ಇದ್ದದ್ದು ಮೂವರ ಬಳಿ. ನಾನು, ಪಕ್ಕದ ಮೇಜಿನ ಸಹೋದ್ಯೋಗಿ, ಮತ್ತು ಮರಿಗಳನ್ನು ನೋಡಿಕೊಳ್ಳಲು ದಿನಾ ಭದ್ರಾವತಿಯಿಂದ ಬರುತ್ತಿದ್ದ ಅಕ್ಕ. ಸಹೋದ್ಯೋಗಿಗೆ ಈ ಸಂಶೋಧನೆಯ ವಿಷಯ ತನಗೆ ಸಿಗಬೇಕೆಂಬ ಆಸೆ ಇತ್ತು. ನಮ್ಮ ಗೈಡ್ ನನಗೆ ಕೊಟ್ಟಿದ್ದರು. ನನಗೆ ಅಷ್ಟೇ ಸಾಕಾಯಿತು. ಅವನು ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುವಂತಾದೆ.

"ಏನ್ ಮಾರಾಯ್ತಿ, ನಾಲ್ಕು ದಿನದಿಂದ ಟೀಗೂ ಬರ್ತಿಲ್ಲ?" ಎಂದ.

"ಕೆಲಸ ಇದೆ" ಎಂದೆ. ಅವನು ಹೋದ ಮೇಲೆ ಅವನ ಮೇಜಿನ ಡ್ರಾಯರನ್ನೂ ಎಳೆದು ನೋಡಿದೆ. ಏನೂ ಇರಲಿಲ್ಲ. ಆದರೂ ಅನುಮಾನ ಹೋಗಲಿಲ್ಲ.

ಹೊಸ ಮರಿಗಳು ಬಂದಾಗ ಪ್ರತಿ ಲೆನ್ಸಿನ ಅಂಚಿನಿಂದ ಉಂಗುರದವರೆಗೆ ಸಣ್ಣದೊಂದು ಶಾಯಿ ಗೀರು ಎಳೆದೆ. ಯಾರಾದರೂ ಲೆನ್ಸ್ ತೆಗೆದು ಮತ್ತೆ ಹಾಕಿದರೆ ಗೀರಿನ ಎರಡು ತುಂಡು ಒಂದಕ್ಕೊಂದು ಕೂಡುವುದಿಲ್ಲ. ಸಂಜೆ ಬಂದು ನೋಡಿದೆ. ಮೇಲುಸಾಲಿನಲ್ಲಿ ಎಲ್ಲ ಸರಿಯಾಗಿತ್ತು. ಕೆಳಸಾಲಿನಲ್ಲಿ ಒಂದು ಗೀರೂ ಕೂಡಿರಲಿಲ್ಲ.

ಮರುದಿನ ಗಾಜನೂರಿಗೆ ಹೋಗುತ್ತೇನೆಂದು ಇಬ್ಬರಿಗೂ ಸುಳ್ಳು ಹೇಳಿ, ಪಕ್ಕದ ಉಗ್ರಾಣದಲ್ಲಿ ಬಾಗಿಲು ಓರೆ ಮಾಡಿಕೊಂಡು ಕೂತೆ. ಮಧ್ಯಾಹ್ನ ಅಕ್ಕ ಬಂದರು. ಸೊಂಟ ಹಿಡಿದುಕೊಂಡು ಕೆಳಸಾಲಿನ ಮುಂದೆ ಕೂತರು. ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿದು, ಲೆನ್ಸ್ ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಆಮೇಲೆ ಕಾಳು ಹಾಕಿದರು.

ನಾನು ಒಳಗೆ ನುಗ್ಗಿದೆ. "ಲೆನ್ಸ್ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಿದ್ದೆ? ಯಾರು ಹೇಳಿ ಮಾಡಿಸ್ತಿದ್ದಾರೆ ಇದನ್ನ?"

ಅವರು ಬಟ್ಟೆಯ ಮೇಲಿನ ಲೆನ್ಸುಗಳತ್ತ ಕೈ ಚಾಚಿದರು.

"ನಾಳೆಯಿಂದ ಬರಬೇಡಿ" ಎಂದೆ.

ಅವರು ಲೆನ್ಸುಗಳನ್ನೆಲ್ಲ ಮತ್ತೆ ಕೂರಿಸಿ, ಕೀಲಿಯನ್ನು ಮೇಜಿನ ಮೇಲಿಟ್ಟು ಹೋದರು.

ಗೈಡ್‌ಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ದಿನಕ್ಕೆ ಎಷ್ಟು ಸಲ ತೆಗೀತಿದ್ರು? ಎಷ್ಟು ಹೊತ್ತು?" ಎಂದು ಕೇಳಿದರು. ಮಧ್ಯೆ ಮಧ್ಯೆ ಸ್ವಲ್ಪ ಹೊತ್ತು ಲೆನ್ಸ್ ತೆಗೆದರೂ ಕಣ್ಣು ಉದ್ದವಾಗುವುದು ಬಹಳಷ್ಟು ತಗ್ಗುತ್ತದೆಂದು ಬೇರೆ ಕಡೆಯವರು ಮೊದಲೇ ಕಂಡುಕೊಂಡಿದ್ದರಂತೆ. ನಾನು ಅದನ್ನು ಓದಿಯೇ ಇರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ಒಬ್ಬರಿಗೇ.

ಭದ್ರಾವತಿಯಲ್ಲಿ ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ಸಾಲಿನಲ್ಲಿ ಅವರ ಮನೆ ಹುಡುಕಿದೆ. ಬಾಗಿಲು ತೆರೆದವರು ಒಳಗೆ ಕರೆಯಲಿಲ್ಲ.

"ಕಂಪ್ಲೇಂಟ್ ಕೊಟ್ಟಿದ್ದೀರಾ ಮೇಡಂ?"

"ಇಲ್ಲ ಅಕ್ಕ. ಯಾಕೆ ತೆಗೀತಿದ್ರಿ ಅಂತ ಕೇಳೋಕೆ ಬಂದೆ."

ನನ್ನ ಮುಖವನ್ನೇ ನೋಡಿದರು. ನಾನು ಇನ್ನೇನೋ ಉಪಾಯ ಹೂಡಿದ್ದೇನೆಂದು ಅವರಿಗೆ ಅನ್ನಿಸಿರಬೇಕು. ಆಮೇಲೆ ಹೇಳಿದರು. "ಪಾಪ, ಲೆನ್ಸಿಗೆ ಹಿಟ್ಟಿನ ಧೂಳು ಮೆತ್ಕೊಂಡು ಆ ಕಣ್ಣಿಂದ ಕಾಳೇ ಕಾಣ್ತಿರಲಿಲ್ಲ ಅವಕ್ಕೆ. ನೆಲ ಕುಕ್ತಿದ್ವು. ನಾಲ್ಕು ಹೊತ್ತು ತಿನ್ನೋಕೆ ಹಾಕ್ತೀನಲ್ಲ, ತಿಂದು ಮುಗಿಸೋ ತನಕ ತೆಗೆದು, ಒರೆಸಿ, ಮತ್ತೆ ಹಾಕ್ತಿದ್ದೆ."

"ಮೇಲಿನ ಸಾಲಿಂದು?"

"ಅಲ್ಲಿಗೆ ನನ್ನ ಕೈ ಎಟುಕಲ್ಲ. ತಟ್ಟೆಗೆ ಕಾಳು ಸುರಿಯೋದೇ ಕಷ್ಟ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು, ವಾಪಸ್ ಬನ್ನಿ ಎಂದೆ.

"ಕದ್ದು ಕೂತು ನೋಡೋ ಬದಲು ಅವತ್ತೇ ಕೇಳಬಹುದಿತ್ತಲ್ಲ ಮೇಡಂ" ಎಂದರು. ಬರುತ್ತೇನೆ ಎನ್ನಲಿಲ್ಲ.

ಒಂದು ವಾರದ ಮೇಲೆ ಬಂದರು. ಎತ್ತರದ ಸ್ಟೂಲ್ ತರಿಸಿದ್ದೆ. ಹಳೆಯ ಅಳತೆಗಳನ್ನು ಬದಿಗಿಟ್ಟು ಹೊಸ ಮರಿಗಳೊಂದಿಗೆ ಮೊದಲಿನಿಂದ ಶುರುಮಾಡಿದೆವು. ಎರಡೂ ಸಾಲಿನಲ್ಲಿ ಅರ್ಧ ಮರಿಗಳಿಗೆ ಲೆನ್ಸ್ ಸದಾ ಇರುವುದು, ಉಳಿದವಕ್ಕೆ ನಾಲ್ಕು ಹೊತ್ತು ಗಡಿಯಾರ ನೋಡಿ ತೆಗೆಯುವುದು. ಎಲ್ಲ ಲೆನ್ಸನ್ನೂ ದಿನಾ ಒರೆಸುವುದೆಂದೂ ಬರೆದುಕೊಂಡೆವು. ಬಿಡುವು ಸಿಕ್ಕ ಕಣ್ಣುಗಳು ಈ ಸಲವೂ ಅಷ್ಟಾಗಿ ಉದ್ದವಾಗಲಿಲ್ಲ.

ಸಹೋದ್ಯೋಗಿಯ ಜೊತೆ ಮತ್ತೆ ಟೀಗೆ ಹೋಗತೊಡಗಿದೆ. ಅವನ ಡ್ರಾಯರ್ ನೋಡಿದ್ದನ್ನು ಇವತ್ತಿಗೂ ಹೇಳಿಲ್ಲ. ಅಕ್ಕ ಕೆಲಸದಲ್ಲಿದ್ದಷ್ಟು ದಿನವೂ ಮರಿಗಳ ಕೋಣೆಗೆ ಹೋದಾಗಲೆಲ್ಲ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಮುಚ್ಚದ ಹಾಗೆ ಒಂದು ಇಟ್ಟಿಗೆ ಒತ್ತುಕೊಡುತ್ತಿದ್ದರು.