ಅನಂತರಾಮು ಅವರ ರಸಮಟ್ಟ

ಗಿರಿನಗರದ ಅನಂತರಾಮು ಅವರ ಬಳಿ ಹಿತ್ತಾಳೆಯ ಒಂದು ರಸಮಟ್ಟವಿತ್ತು. ಗೇಣುದ್ದದ ಪಟ್ಟಿ, ನಡುವೆ ಗಾಜಿನ ನಳಿಗೆ, ಅದರೊಳಗೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಮಟ್ಟ, ಸರಿದರೆ ಡೊಂಕು. ಕಟ್ಟಡದ ಎಂಜಿನಿಯರಾಗಿ ನಿವೃತ್ತರಾಗುವವರೆಗೂ ಅದು ಅವರ ಜೇಬು ಬಿಡಲಿಲ್ಲ. ಗುಳ್ಳೆ ಸರಿದರೆ ಅವರು ಬೈಯುತ್ತಿರಲಿಲ್ಲ. ಹಸಿ ಗೋಡೆಯನ್ನು ಬೂಟುಗಾಲಿನಿಂದ ಒದ್ದು ಕೆಡವಿ ಮುಂದೆ ಹೋಗುತ್ತಿದ್ದರು.

ತಮ್ಮ ಮನೆಯ ಹಾಲಿಗೆ ಮರೆಪ್ಪ ಮೇಸ್ತ್ರಿ ಹಾಕಿದ ಕೆಂಪು ನೆಲವನ್ನೂ ಹೀಗೇ ಅಗೆಸಿದರು. ಕಣ್ಣಿಲ್ಲದವನು ಕರಣೆ ಹಿಡಿಯಬಾರದು ಎಂದು ಕೂಲಿಯವರೆಲ್ಲರ ಎದುರಿಗೇ ಅಂದರು. ಮರೆಪ್ಪ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದ. ಆಮೇಲೆ ಆ ಕಡೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಬೇರೆ ಮೇಸ್ತ್ರಿ ಬಂದು ರಸಮಟ್ಟ ಹೇಳಿದ ಹಾಗೆ ನೆಲ ಹಾಕಿದ. ಒರೆಸಿದ ನೀರು ದೇವರಮನೆ ಬಾಗಿಲಿಗೆ ಸರಿಯುತ್ತದೆ ಎಂದು ಹೆಂಡತಿ ಚೂಡಾಮಣಿ ದೂರಿದಾಗಲೆಲ್ಲ ಅನಂತರಾಮು ಅವರದು ಒಂದೇ ಉತ್ತರ: "ಒರೆಸೋದು ಕಲಿ."

ಮಗಳು ಪ್ರಕೃತಿ ಮಹಡಿಯ ಕೋಣೆಯಲ್ಲಿ ನಾಲ್ಕು ರೆಕ್ಕೆಯ ಡ್ರೋನ್ ಒಂದನ್ನು ಕೈಯಾರೆ ಜೋಡಿಸಿದ್ದಳು. ಅದು ನೆಟ್ಟಗೆ ನಿಂತರೆ ಅದೇ ಕೋಣೆಯಲ್ಲಿ ಮಕ್ಕಳಿಗೆ ಕಲಿಸುವ ಆಸೆ ಅವಳದು. ಆದರೆ ಡ್ರೋನ್ ನಿಲ್ಲುತ್ತಿರಲಿಲ್ಲ. ಆಳೆತ್ತರಕ್ಕೆ ಏರಿ, ಯಾರೋ ಕರೆದ ಹಾಗೆ ಮೆಲ್ಲಗೆ ಮುಂದಕ್ಕೆ ಜಾರುತ್ತಿತ್ತು. ಯಾವ ದಿಕ್ಕಿಗೆ ಮುಖ ಮಾಡಿಸಿದರೂ ಮೂತಿಯ ಕಡೆಗೇ ಜಾರುತ್ತಿದ್ದುದರಿಂದ ಅದು ಗಾಳಿಯ ಕಾಟವಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು. ರೆಕ್ಕೆ ಬದಲಿಸಿದಳು, ಮೋಟಾರು ಅದಲುಬದಲು ಮಾಡಿದಳು, ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ ಕಟ್ಟಿದಳು. ಮಟ್ಟ ಎಂದರೆ ಯಾವುದೆಂದು ಡ್ರೋನಿಗೆ ಕಲಿಸಲು ಅಪ್ಪನ ನೆಲದ ಮೇಲೆ, ಪ್ರತಿಸಲವೂ ದೇವರಮನೆಯತ್ತ ಮೂತಿ ಮಾಡಿ, ಮತ್ತೆ ಮತ್ತೆ ಇಟ್ಟಳು. ಅದಕ್ಕಿಂತ ಮಟ್ಟವಾದ ಜಾಗ ಬೆಂಗಳೂರಿನಲ್ಲೇ ಇಲ್ಲ ಎಂದು ಕೇಳಿಕೊಂಡು ಬೆಳೆದವಳು ಅವಳು.

ಬರುವ ಭಾನುವಾರ ಡ್ರೋನ್ ನಿಂತರೆ ಕೋಣೆ ನಿನ್ನದು, ಇಲ್ಲದಿದ್ದರೆ ಬಾಡಿಗೆಗೆ ಪಿ.ಜಿ. ಹುಡುಗರಿಗೆ ಎಂದರು ಅನಂತರಾಮು. ನೋಡಲು ಹಳೆಯ ಸಹೋದ್ಯೋಗಿ ಸಂಜೀವಯ್ಯನವರನ್ನೂ ಕಾಫಿಗೆ ಕರೆದರು.

ಭಾನುವಾರ ಹಾಲಿನಲ್ಲಿ ಡ್ರೋನ್ ಏರಿತು, ಜಾರಿತು, ದೇವರಮನೆ ಬಾಗಿಲ ಪರದೆಗೆ ಸಿಕ್ಕಿಕೊಂಡಿತು.

"ಇವಳ ಥರಾನೇ ಸಾರ್," ಅನಂತರಾಮು ನಕ್ಕರು. "ಎಲ್ಲೂ ನೆಟ್ಟಗೆ ನಿಲ್ಲಲ್ಲ."

ಸಂಜೀವಯ್ಯನವರೂ ಮರ್ಯಾದೆಗೆ ನಕ್ಕರು. ಲೋಟ ತೆಗೆಯಲು ಬಂದ ಚೂಡಾಮಣಿ ತಮ್ಮಷ್ಟಕ್ಕೆ ಅಂದುಕೊಂಡರು: "ನೀರೂ ಹಂಗೇ ಹೋಗುತ್ತೆ, ಆ ಕಡೆಗೇ."

ಪರದೆ ಬಿಡಿಸುತ್ತಿದ್ದ ಪ್ರಕೃತಿಯ ಕೈ ನಿಂತಿತು. ಅವಳು ಗೂಡಿನಲ್ಲಿದ್ದ ರಸಮಟ್ಟ ತಂದು ನೆಲಕ್ಕಿಟ್ಟಳು. ಗುಳ್ಳೆ ನಡುವೆ ನಿಂತಿತು. ಎಡತುದಿ ಬಲಕ್ಕೆ ಬರುವ ಹಾಗೆ ಅದನ್ನು ತಿರುಗಿಸಿ, ಅದೇ ಜಾಗದಲ್ಲಿಟ್ಟಳು. ಗುಳ್ಳೆ ಸರ್ರನೆ ಒಂದು ತುದಿಗೆ ಓಡಿತು.

ಒಂದೇ ನೆಲ ಎರಡು ಮಾತಾಡುವುದಿಲ್ಲ. ಎರಡು ಮಾತಾಡುವುದಾದರೆ ರಸಮಟ್ಟವೇ. ಅನಂತರಾಮು ಅವರಿಗೆ ಅದು ಮಗಳಿಗಿಂತ ಮೊದಲೇ ಹೊಳೆಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಸೆಂಟ್ರಿಂಗ್ ಹಲಗೆಯ ಮೇಲಿಂದ ಬಿದ್ದಿತ್ತು. ಗಾಜು ಒಡೆದಿಲ್ಲವಲ್ಲ ಎಂದು ಒರೆಸಿ ಜೇಬಿಗಿಟ್ಟುಕೊಂಡಿದ್ದರು. ತಿರುಗಿಸಿ ನೋಡಿರಲಿಲ್ಲ, ಒಮ್ಮೆಯೂ.

ಪ್ರಕೃತಿ ಅಪ್ಪನ ಮುಖ ನೋಡಲಿಲ್ಲ. ಊಟದ ಮಣೆಯ ಮೇಲೆ ತಟ್ಟೆ ತುಂಬ ನೀರಿಟ್ಟು, ನೀರು ಸುತ್ತಲೂ ಅಂಚಿಗೆ ಸಮನಾಗಿ ನಿಲ್ಲುವವರೆಗೆ ಮಣೆಯಡಿ ಮಡಿಸಿದ ಕಾಗದ ತುರುಕಿದಳು. ತಟ್ಟೆ ತೆಗೆದು, ಆ ಮಣೆಯ ಮೇಲೆ ಡ್ರೋನಿಗೆ ಹೊಸದಾಗಿ ಮಟ್ಟ ಕಲಿಸಿದಳು. ಡ್ರೋನ್ ಏರಿತು. ನಿಂತಿತು. ಗಾಳಿಗೆ ಮೊಳೆ ಹೊಡೆದು ನೇತುಹಾಕಿದಂತೆ ಹಾಲಿನ ನಡುವೆ ನಿಂತೇ ಇತ್ತು.

"ಹಾಗಾದ್ರೆ ನೀವು ಅಗೆಸಿದ್ರಲ್ಲ, ಆ ಮೇಸ್ತ್ರಿ ಹಾಕಿದ್ದು ಸರಿಯಾಗೇ ಇತ್ತೇನೋ, ಅನಂತರಾಮು," ಎಂದರು ಸಂಜೀವಯ್ಯ.

"ಯಾವ ಮೇಸ್ತ್ರಿ?" ಎಂದರು ಅನಂತರಾಮು.

ಸಂಜೀವಯ್ಯ ಚಪ್ಪಲಿ ಹುಡುಕಿಕೊಂಡು ಹೊರಟರು. ಅವರು ಗೇಟು ದಾಟಿದ ಮೇಲೆ ಅನಂತರಾಮು ಮಗಳ ಕಡೆ ತಿರುಗಿದರು.

"ಸಾಮಾನು ತೆಗಿ. ನಾಳೆ ಪಿ.ಜಿ. ಹುಡುಗರು ಬರ್ತಾರೆ. ಶುಕ್ರವಾರಾನೇ ಮಾತು ಕೊಟ್ಟಾಗಿದೆ."

ಶುಕ್ರವಾರವೇ. ಪ್ರಕೃತಿ ಡ್ರೋನನ್ನು ಇಳಿಸಿ, ರೆಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದಳು.

ಸಂಜೆ ಚೂಡಾಮಣಿ, ಹಾಲಿನಲ್ಲಿ ನೀರು ಚೆಲ್ಲಿದ್ದ ಜಾಗವನ್ನು ಒರೆಸಿದರು. ಕೆಂಪು ನೆಲದ ಮೇಲೆ ನೀರಿನ ತೆಳು ನಾಲಗೆ ಅನಂತರಾಮು ಅವರ ಕುರ್ಚಿಯ ಕಾಲನ್ನು ಬಳಸಿ, ದೇವರಮನೆ ಬಾಗಿಲಿನತ್ತ ಹರಿಯಿತು. ಅವರು ಪಾದ ಎತ್ತಿಕೊಂಡರು. ನೀರು ಹೊಸ್ತಿಲು ಮುಟ್ಟುವವರೆಗೂ ನೋಡುತ್ತಿದ್ದರು.

"ಒರೆಸೋದು ಕಲಿ," ಎಂದರು.