ವರ್ತಿಯ ನೀರಿಗೆ ಹತ್ತಿದ ಬೆಂಕಿ

ನೀರಿಗೆ ಬೆಂಕಿ ಹತ್ತಿದ್ದನ್ನು ನಾನು ಈ ಎರಡೂ ಕಣ್ಣಿಂದ ನೋಡಿದ್ದೇನೆ. ಹೇಳಿದರೆ ಮೊಮ್ಮಕ್ಕಳು ನಗುತ್ತವೆ, "ಅಮ್ಮಗ ಅರಳು ಮರಳು" ಅನ್ನುತ್ತವೆ. ನಗಲಿ. ನಲ್ಲಿ ತಿರುಗಿಸಿ ಚರಿಗೆ ತುಂಬಿಸಿಕೊಂಡವರಿಗೆ ನಗುವುದಕ್ಕೆ ಏನು ಖರ್ಚು?

ಅದು ಲಡಾಯಿಯ ಕಾಲ. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಸೀಮೆಯಲ್ಲಿ ನಾನು ಮದುವೆಯಾಗಿ ಬಂದ ಊರು. ಲಡಾಯಿ ಎಲ್ಲಿ ನಡೆದಿದೆ, ಯಾರು ಯಾರ ಮೇಲೆ ಬಿದ್ದಿದ್ದಾರೆ, ನಮಗೊಂದೂ ಗೊತ್ತಿರಲಿಲ್ಲ. ಒಂದು ದಿನ ಲಾರಿಗಳು ಬಂದವು, ಡೇರೆಗಳು ಎದ್ದವು. ಊರ ಮೇಲುಗಡೆ ದನ ಮೇಯುತ್ತಿದ್ದ ಗಾಯರಾಣವನ್ನು ಕೆತ್ತಿ, ಹೆಣ್ಣುಮಕ್ಕಳು ಸಗಣಿ ಸಾರಿಸಿದ ಅಂಗಳದಂತೆ ಸಪಾಟು ಮಾಡಿದರು. ಅಲ್ಲಿ ವಿಮಾನ ಇಳಿಯುತ್ತದಂತೆ. ಊರಿನ ಗಂಡಸರೆಲ್ಲ ಅಲ್ಲಿಗೆ ಕೂಲಿಗೆ ಹೋದರು. ನಮ್ಮ ಮನೆಯವರೂ ಹೋದರು.

ಆ ಬಯಲಿನ ಇಳಿಜಾರಿನಲ್ಲೇ ನಮ್ಮ ಹಳ್ಳ. ಬೇಸಿಗೆಯಲ್ಲಿ ನೋಡಿದರೆ ಬರೀ ಮರಳು. ಆದರೆ ಮೊಳಕಾಲುದ್ದ ಬಗೆದರೆ ಅಡಿಯಿಂದ ಕಣ್ಣೀರಿನ ಹಾಗೆ ನೀರು ಜಿನುಗುತ್ತದೆ. ಆ ಗುಂಡಿಗೆ ನಾವು ವರ್ತಿ ಅನ್ನುತ್ತೇವೆ. ಊರಿಗೆ ಇದ್ದ ಕುಡಿಯುವ ನೀರು ಅದೊಂದೇ. ಬಾವಿಯ ನೀರು ಉಪ್ಪು, ದನ ಸಹ ಮೂತಿ ತಿರುಗಿಸುತ್ತಿದ್ದವು.

ನಮ್ಮತ್ತೆ ಆ ಹಳ್ಳದ ಪೊಲೀಸು. ಯಾರೂ ನೇಮಿಸಿರಲಿಲ್ಲ, ತಾವೇ ಆಗಿದ್ದರು. ಹಳ್ಳದ ನಡುವೆ ಒಂದು ಕರೀ ಗುಂಡುಕಲ್ಲು. ಗುಂಡಿನ ಮೇಲುಗಡೆಯ ನೀರು ಕುಡಿಯುವುದಕ್ಕೆ, ಕೆಳಗಡೆಯದು ತೊಳೆಯುವುದಕ್ಕೆ. ಗುಂಡಿನ ಮೇಲೆ ಯಾರಾದರೂ ಕೈ ತೊಳೆದರೂ ಅವರ ಏಳು ತಲೆಮಾರನ್ನು ಎಳೆದು ಬೈಯುತ್ತಿದ್ದರು. ವರ್ತಿಯಲ್ಲಿ ನಿಂತ ಮೊದಲ ನೀರನ್ನು ಪರಟೆಯಿಂದ ಗೋರಿ ಹೊರಗೆ ಚೆಲ್ಲಬೇಕು, ಹೊಸದು ಜಿನುಗುವ ತನಕ ಕಾಯಬೇಕು. ನಾನು ಹೊಸದಾಗಿ ಬಂದಾಗ ಅವಸರ ಮಾಡಿ ಬೈಸಿಕೊಂಡಿದ್ದೇನೆ. "ಏ ಹುಡುಗಿ, ಮರಳು ಸೋಸಾಕ ಹತ್ತೈತಿ, ಅದಕ್ಕ ಹೊತ್ತು ಕೊಡು" ಎನ್ನುತ್ತಿದ್ದರು. ಮರಳು ಎಂಥ ಹೊಲಸನ್ನೂ ಸೋಸುತ್ತದೆ ಎಂದು ನಾವೆಲ್ಲ ನಂಬಿದ್ದೆವು, ಅತ್ತೆ ಎಲ್ಲರಿಗಿಂತ ಹೆಚ್ಚು.

ಬಯಲು ಸಪಾಟಾದ ವರ್ಷ ವರ್ತಿಗಳು ಬೇಗ ಸೊರಗಿದವು. ಹಳ್ಳಕ್ಕೆ ನೀರು ತರುತ್ತಿದ್ದ ಮೂರು ಸಣ್ಣ ಸರುವುಗಳಲ್ಲಿ ಎರಡನ್ನು ಮಣ್ಣು ಹಾಕಿ ಮುಚ್ಚಿದ್ದರು. ಅತ್ತೆ ಗೌಡರ ಮನೆಗೆ ಹೋಗಿ ಕೇಳಿದರು. ಗೌಡರು ಸುತ್ತ ನೋಡಿ, "ಲಡಾಯಿ ಮಂದಿ ಅದಾರವಾ, ಬಾಯಿ ಮುಚ್ಚಿಕೊಂಡಿರ್ರಿ" ಎಂದು ಕಳಿಸಿದರು.

ಅದೇ ಬೇಸಿಗೆಯಲ್ಲಿ ನನ್ನ ಚೊಚ್ಚಲ ಹೆರಿಗೆ. ತವರಿನಲ್ಲಿ ತಾಯಿ ಇರಲಿಲ್ಲವಾಗಿ ಅತ್ತೆಯೇ ಬಾಣಂತನ ಮಾಡಿದರು. ಹೆಣ್ಣು ಕೂಸು. ನಮ್ಮಲ್ಲಿ ಬಾಣಂತಿ ಗಂಗಿ ಪೂಜೆ ಮಾಡದೆ ಕೊಡ ಹೊರುವಂತಿಲ್ಲ. ವರ್ತಿಯ ಬದಿಗೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಅರಿಶಿನ ಕುಂಕುಮ ಏರಿಸಿ, ಗುಗ್ಗರಿ ಎಡೆ ಇಡಬೇಕು. ಎಕ್ಕೆಯ ಎಲೆಯ ಮೇಲೆ ಹಿಟ್ಟಿನ ದೀಪ ಹಚ್ಚಿ ನೀರಿನಲ್ಲಿ ತೇಲಿಬಿಡಬೇಕು. ಆಮೇಲೆ ಆ ನೀರಿನ ಒಂದು ಹನಿಯನ್ನು ಕೂಸಿನ ತುಟಿಗೆ ಮುಟ್ಟಿಸಬೇಕು. ದೀಪ ಮೊದಲು, ಹನಿ ಆಮೇಲೆ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ.

ಪೂಜೆಯ ಹಿಂದಿನ ದಿನ ಒಂದು ಅಡ್ಡಮಳೆ ಹೊಡೆಯಿತು. ಬೆಳಿಗ್ಗೆ ಹಳ್ಳಕ್ಕೆ ಹೋದರೆ ವರ್ತಿಗಳು ತುಂಬಿಕೊಂಡಿದ್ದವು. ಅಷ್ಟೇ ಅಲ್ಲ, ನೀರಿನ ಮೇಲೆ ಹಸಿರು, ನೇರಳೆ, ಬಂಗಾರದ ಬಣ್ಣಗಳು ಸುರುಳಿ ಸುರುಳಿಯಾಗಿ ಹೊರಳುತ್ತಿದ್ದವು. ನಾವ್ಯಾರೂ ಅಂಥದ್ದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು.

"ನೋಡ್ರವಾ, ನೋಡ್ರಿ! ಬಾಣಂತಿ ಬರ್ತಾಳಂತ ಗಂಗವ್ವ ನವಿಲ ಕೊರಳಿನ ಬಣ್ಣದ ಸೀರಿ ಉಟ್ಟು ಕುಂತಾಳ!"

ಬಂದ ಹೆಂಗಸರೆಲ್ಲ ಕೈಮುಗಿದರು. ನಾನೂ ಮುಗಿದೆ. ಆದರೆ ನನ್ನ ಮೂಗು ಬಲು ಚುರುಕು, ಅದು ಸುಮ್ಮನಿರಲಿಲ್ಲ.

"ಅತ್ತಿ, ನೀರು ಚಿಮಣಿ ಎಣ್ಣಿ ನಾರತೈತ್ರಿ."

"ಸುಮ್ನ ನಿಂದ್ರ. ಚಿಮಣಿ ಮುಂದ ಕುಂತು ಕುಂತು ನಿನ್ನ ಮೂಗು ಕೆಟ್ಟೈತಿ."

ಸುಮ್ಮನೆ ನಿಂತೆ. ಸೊಸೆಯಲ್ಲವೇ, ಮೂಗಿದ್ದರೂ ಬಾಯಿ ಇರಬಾರದು. ಈ ಸುಮ್ಮನಿದ್ದದ್ದಕ್ಕೆ ನನ್ನ ಮೇಲೆ ನನಗೇ ಇರುವ ಸಿಟ್ಟು ಇನ್ನೂ ಆರಿಲ್ಲ. ಅತ್ತೆ ದೀಪ ಹಚ್ಚಿ, ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದರು. ಎಲೆ ನೀರನ್ನು ಮುಟ್ಟಿತೋ ಇಲ್ಲವೋ, ಭುಗ್ ಎಂದಿತು.

ಇಡೀ ವರ್ತಿ ಉರಿಯಿತು. ನೀರು, ನಾನು ಹೇಳುತ್ತಿರುವುದು ನೀರು, ಒಲೆಯ ಹಾಗೆ ಉರಿಯಿತು. ಅತ್ತೆಯ ಬಲಗೈ ಮೊಣಕೈವರೆಗೆ ಸುಟ್ಟಿತು. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಬಿದ್ದೆ. ಒಬ್ಬಾಕೆ ಮರಳು ಎರಚಿ ಎರಚಿ ಬೆಂಕಿ ಆರಿಸಿದಳು. ಸುಣ್ಣ ಬಳಿದ ಐದು ಕಲ್ಲುಗಳು ಕಪ್ಪಾಗಿದ್ದವು.

"ಗಂಗವ್ವ ಮುನಿದಾಳ" ಎಂದು ಹೆಂಗಸರು ಅಳತೊಡಗಿದರು. ಅತ್ತೆ ಅಳಲಿಲ್ಲ. ಸುಟ್ಟ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ನನ್ನ ಮುಖ ನೋಡಿ, "ನೀ ಖರೇನ ಹೇಳಿದ್ದಿ" ಎಂದರು. ಹತ್ತು ನೂರು ಮಾತಿನ ಆ ಹೆಂಗಸು ನನಗೆ ಸೋತದ್ದು ಅದೊಂದೇ ಸಲ, ಅದೂ ಹಾಗೆ.

ಲೋಳೆಸರ ಹಚ್ಚಿ ನಾನೇ ಅವರ ಕೈಗೆ ಬಟ್ಟೆ ಸುತ್ತಿದೆ. ಅತ್ತೆ ಕುಳಿತುಕೊಳ್ಳಲಿಲ್ಲ. ಕೂಸನ್ನು ಪಕ್ಕದ ಮನೆಯಾಕೆಯ ಮಡಿಲಿಗೆ ಹಾಕಿಸಿ, ಬೇರೊಂದು ವರ್ತಿಯ ಮೇಲಿನ ಬಣ್ಣದ ನೀರನ್ನೇ ಪರಟೆಯಿಂದ ಕೊಡಕ್ಕೆ ತುಂಬಿಸಿ, ನನ್ನ ತಲೆಯ ಮೇಲೆ ಹೊರಿಸಿದರು. ಇಬ್ಬರೂ ಬಯಲಿಗೆ ನಡೆದೆವು. ಪೂಜೆ ಮುಗಿಯದ ಬಾಣಂತಿ ಕೊಡ ಹೊರಬಾರದು, ಊರ ಗಡಿ ದಾಟಬಾರದು ಎಂದು ಯಾರೋ ಅಂದರು. "ನೀರು ಉರೀಬಾರ್ದು, ಉರೀತು" ಎಂದರು ಅತ್ತೆ.

ಕೂಲಿಯವರ ಮೇಲೆ ಹುಕುಂ ನಡೆಸುತ್ತಿದ್ದ ಮುಕಾದಮ ಒಂದು ಬೇವಿನ ಮರದ ಕೆಳಗೆ ಕೂತು ಬೀಡಿ ಸೇದುತ್ತಿದ್ದ. ಅತ್ತೆ ಅವನ ಮುಂದೆ ಪೂಜೆಯ ತಾಟು ಇಟ್ಟು, ನನ್ನಿಂದ ಕೊಡದ ನೀರು ಬಗ್ಗಿಸಿ ಸುರಿಸಿದರು.

"ಕಡ್ಡಿ ಪೆಟ್ಟಿಗಿ ಕೊಡ್ರಿ ಇಲ್ಲೆ."

ಕೊಟ್ಟ. ಅತ್ತೆ ಎಡಗೈಯಲ್ಲಿ ಹಿಡಿದ ಪೆಟ್ಟಿಗೆಯ ಮೇಲೆ ಕಡ್ಡಿ ಗೀರಿದ್ದು ನಾನು. ತಾಟಿನಲ್ಲಿ ಉರಿ ಎದ್ದಿತು. ಮುಕಾದಮ ಬೀಡಿ ಉಗುಳಿ ಹಾರಿ ನಿಂತ.

"ಅರೆ ಮುದುಕಿ, ತಲಿ ಕೆಟ್ಟೈತೇನು? ಪೆಟ್ರೋಲಿನ ಜಾಗಾದಾಗ ಬೆಂಕಿ ಹಚ್ತಿ?"

"ಪೆಟ್ರೋಲಿಗೆ ಹಚ್ಚಿಲ್ರಿ ಸಾಹೇಬ. ನೀರಿಗೆ ಹಚ್ಚೀನಿ. ನಮ್ಮ ಕುಡಿಯೂ ನೀರಿಗೆ."

ಕೆಟ್ಟವನಲ್ಲ ಅವನು, ಅವನಿಗೂ ದಿಗಿಲಾಯಿತು. ಪೆಟ್ರೋಲಿನ ಖಾಲಿ ಪೀಪಾಯಿ ತೊಳೆಯುವವನನ್ನು ಕರೆಯಿರಿ ಎಂದು ಕೂಗಿದ. ಡೇರೆಗಳ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದವರು ನಮ್ಮ ಮನೆಯವರು.

ಮಣ್ಣು ಹೊರುವ ಕೂಲಿ ಎಂದು ನಾನು ತಿಳಿದಿದ್ದೆ. ಒಂದು ತಿಂಗಳಿಂದ ಪೀಪಾಯಿಯ ಕೆಲಸಕ್ಕೆ ಹಾಕಿದ್ದರಂತೆ. ಬಾಣಂತಿಯ ಕೋಣೆಗೆ ಬಾರದ ಗಂಡಸು ಹೇಳುವುದಾದರೂ ಯಾವಾಗ? ತಾಯಿಯ ಕೈ ನೋಡಿ, "ಯವ್ವಾ, ಏನಾತು?" ಎಂದು ಓಡಿ ಬಂದರು.

"ಎಲ್ಲಿ ತೊಳೀತಿದ್ದಿ ಮಗನ?"

ಅವರು ಎದೆ ಸೆಟೆಸಿಯೇ ಹೇಳಿದರು. "ಇವ್ರು ಹಳ್ಳದಾಗ ತೊಳಿ ಅಂದ್ರು. ನಾ ಆಗೂದಿಲ್ಲ ಅಂದೆ. ಗುಂಡಿನ ಮ್ಯಾಲೆ ಕೈ ಸೈತ ತೊಳೀಬಾರ್ದಂತ ನೀನ ಕಲಿಸಿದ್ದೆಲ್ಲ. ಅದಕ್ಕ ಒಣ ಸರುವಿನ್ಯಾಗ ಸುರುವ್ತಿದ್ದೆ. ಅಲ್ಲಿ ನೀರಿನ ಹನಿನೂ ಇಲ್ಲ, ಬರೇ ಮರಳು. ಮರಳು ಕುಡೀತಿತ್ತು, ಸೋಸ್ತಿತ್ತು."

ಮುಚ್ಚದೆ ಉಳಿದ ಒಂದೇ ಸರುವು ಅದು. ನಮ್ಮ ವರ್ತಿಗಳ ತಲೆಯ ಮೇಲೇ ಬಂದು ಸೇರುತ್ತಿತ್ತು. ಹಿಂದಿನ ದಿನದ ಮಳೆ ಮರಳು ಕುಡಿದ ಎಣ್ಣೆಯನ್ನೆಲ್ಲ ಎಬ್ಬಿಸಿ ತಂದಿತ್ತು.

ಅತ್ತೆ ನಿಂತಲ್ಲೇ ಕುಸಿದು ಕುಳಿತರು. ನಾನೇ ಹೇಳಬೇಕಾಯಿತು: ನೀರಿಗೆ ಬೆಂಕಿ ಹತ್ತಿದ್ದು, ಕೂಸಿನ ತುಟಿಗೆ ಹಚ್ಚುವ ಹನಿ ಒಂದು ಗಳಿಗೆಯಲ್ಲಿ ತಪ್ಪಿದ್ದು. ಅವರು ತಲೆಗೆ ಕೈ ಹೊತ್ತುಕೊಂಡು ಮಣ್ಣಿನಲ್ಲಿ ಹೊರಳಾಡಿ ಅತ್ತರು. ನನ್ನ ಗಂಡ ಅತ್ತದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ಅತ್ತೆ ಎದ್ದು ಮುಕಾದಮನಿಗೆ ಎರಡೇ ಮಾತು ಹೇಳಿದರು: ಪೀಪಾಯಿ ತೊಳೆದ ಹೊಲಸಿಗೆ ಹಳ್ಳದ ಕಡೆ ಇಳಿಜಾರಿಲ್ಲದ ಗಟ್ಟಿ ನೆಲದಲ್ಲಿ ಗುಂಡಿ ತೋಡಬೇಕು, ಮುಚ್ಚಿದ ಸರುವುಗಳ ಬಾಯಿ ಬಿಡಿಸಬೇಕು. ಇಲ್ಲದಿದ್ದರೆ ದಿನಾ ಒಂದು ಕೊಡ ತಂದು ಇದೇ ಮರದ ಕೆಳಗೆ ಹಚ್ಚುತ್ತೇನೆ ಎಂದರು. ದೊಡ್ಡ ಸಾಹೇಬರಿಗೆ ಸುದ್ದಿ ಹೋಗುವುದಕ್ಕೆ ಮೊದಲೇ ಅವನು ಗುಂಡಿ ತೋಡಿಸಿದ. ಸರುವುಗಳನ್ನು ನಮ್ಮ ಮನೆಯವರು ತಾವೇ ಸನಿಕೆ ಹಿಡಿದು ಬಿಡಿಸಿದರು. ಎಣ್ಣೆ ಕುಡಿದ ಮರಳನ್ನು ಗಾಡಿ ಗಾಡಿ ಎತ್ತಿ ಹೊರಗೆ ಸಾಗಿಸಿದರು. ಮಳೆಗಾಲ ಹಿಡಿದು ಹಳ್ಳ ಎರಡು ಸಲ ಬಂದು ಹೋಗುವವರೆಗೆ ನಾವು ಪಕ್ಕದ ಊರಿನಿಂದ ನೀರು ಹೊತ್ತೆವು.

ಆಮೇಲೆ ಒಂದು ಬೆಳಿಗ್ಗೆ ಹೊಸ ವರ್ತಿ ತೋಡಿ, ತಾಟಿನಲ್ಲಿ ನೀರು ತೆಗೆದು, ನಮ್ಮ ಮನೆಯವರೇ ಕಡ್ಡಿ ಗೀರಿ ಹಿಡಿದರು. ಕಡ್ಡಿ ನೀರಿಗೆ ಬಿದ್ದು ಚುಂಯ್ ಎಂದು ಆರಿತು. ಅತ್ತೆ ಸುಟ್ಟು ಸುಕ್ಕುಗಟ್ಟಿದ ಬೊಗಸೆಯಲ್ಲಿ ಮೊದಲು ತಾವು ಕುಡಿದರು, ಆಮೇಲೆ ಕೂಸಿನ ತುಟಿಗೆ ಹನಿ ಮುಟ್ಟಿಸಿದರು. ಮಗನಿಗೂ ಕೊಟ್ಟರು. ಅವರು ಅದನ್ನು ಮೂಸಿ, ಮತ್ತೊಮ್ಮೆ ಮೂಸಿ, ಆಮೇಲೆ ಕುಡಿದರು.

ಆ ಮೂಸುವುದು ಕೊನೆಯ ತನಕ ಬಿಡಲಿಲ್ಲ. ಬೀಗರ ಮನೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಎಲ್ಲಿ ಚರಿಗೆ ಕೊಟ್ಟರೂ ಮೊದಲು ಮೂಗು. ಮಂದಿ ನಗುತ್ತಿದ್ದರು, ಬೀಗರು ಮುನಿಸಿಕೊಂಡದ್ದೂ ಉಂಟು. ಹೋದ ವರ್ಷ ನಮ್ಮ ಮನೆಯವರು ತೀರಿಕೊಳ್ಳುವ ಹೊತ್ತಿಗೆ ಮಾತು ನಿಂತು ಎರಡು ದಿನವಾಗಿತ್ತು, ಕಣ್ಣು ಮುಚ್ಚಿತ್ತು. ಮಗಳು ಬಾಯಿಗೆ ನೀರು ಬಿಡಲು ಚಮಚ ಹಿಡಿದಳು. ತುಟಿ ತೆರೆಯಲಿಲ್ಲ, ಮೂಗಿನ ಹೊಳ್ಳೆಗಳು ಮಾತ್ರ ಅಲುಗಿದವು. ಅವಳಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಕಿವಿಯ ಹತ್ತಿರ ಬಗ್ಗಿ, "ನಮ್ಮ ವರ್ತೀದ ಐತ್ರಿ, ಛಲೋ ಐತಿ, ನಾ ಮೂಸಿ ನೋಡೀನಿ, ಕುಡೀರಿ" ಎಂದೆ. ಆಗ ಬಾಯಿ ತೆರೆದರು.